ಗಟ್ಟಿಯಾಗಿರುವ ಹಳೆಯ ಮನೆಯನ್ನು ಕೆಡವಿ ‘ಹಸಿರು ಮನೆ’ ಕಟ್ಟುವುದು ಸರಿಯೇ?

ಪಡಸಾಲೆ:
ಎಲ್ಲರಿಗೂ ನಮಸ್ಕಾರ. ನಾವು ವಾಸವಾಗಿರುವುದು ಸುಮಾರು ನಲವತ್ತು ವರ್ಷ ಹಳೆಯದಾದ ಒಂದಂತಸ್ತಿನ ಮನೆ. ಗೋಡೆಗಳು ಒಂಬತ್ತು ಇಂಚಿನ ಸುಟ್ಟ ಇಟ್ಟಿಗೆಯವು, ಮೇಲೆ ಕಾಂಕ್ರೀಟಿನ ತಾರಸಿ. ನಮಗಿರುವ ತೊಂದರೆಗಳು ಮೂರು. ಬೇಸಿಗೆಯಲ್ಲಿ ಪಶ್ಚಿಮದ ಮಲಗುವ ಕೋಣೆ ರಾತ್ರಿ ಹನ್ನೊಂದಾದರೂ ತಣಿಯುವುದಿಲ್ಲ. ಅಡುಗೆಮನೆಯಲ್ಲಿ ಹಗಲಿನಲ್ಲೂ ದೀಪ ಹಾಕಬೇಕಾಗುತ್ತದೆ. ತಾರಸಿಯ ಒಂದು ಮೂಲೆಯಲ್ಲಿ ಮಳೆಗಾಲದಲ್ಲಿ ತೇವ ಕಾಣಿಸಿಕೊಳ್ಳುತ್ತದೆ, ಅಲ್ಲಿ ಗಿಲಾವು ಸ್ವಲ್ಪ ಉದುರಿದೆ.

ದುರಸ್ತಿಗೆಂದು ವಿನ್ಯಾಸಕರೊಬ್ಬರನ್ನು ಕರೆದಾಗ, ಅವರು ಮನೆಯನ್ನು ಅರ್ಧ ಗಂಟೆ ನೋಡಿ, ಇದನ್ನು ಪೂರ್ತಿಯಾಗಿ ಕೆಡವಿ ಈಗಿನದಕ್ಕಿಂತ ಎರಡರಷ್ಟು ವಿಸ್ತೀರ್ಣದ ಹೊಸ ಮನೆಯನ್ನು ಕಟ್ಟುವಂತೆ ಸಲಹೆ ನೀಡಿದರು. ಎದುರಿಗೆ ಎರಡು ಪದರದ ಗಾಜಿನ ಗೋಡೆ, ಮೇಲೆ ಸೌರಫಲಕ, ಹವಾನಿಯಂತ್ರಣ, ಕೊನೆಯಲ್ಲಿ ಹಸಿರು ಕಟ್ಟಡದ ಪ್ರಮಾಣಪತ್ರ. ಪರಿಸರದ ದೃಷ್ಟಿಯಿಂದ ಇದೇ ಸರಿಯಾದ ದಾರಿ ಎಂದು ಅವರು ಬಹಳ ವಿಶ್ವಾಸದಿಂದ ಹೇಳುತ್ತಾರೆ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಗಟ್ಟಿಯಾಗಿ ನಿಂತಿರುವುದನ್ನು ಒಡೆದು ಹಾಕುವುದರಿಂದ ಪರಿಸರಕ್ಕೆ ಒಳಿತಾಗುವುದು ಹೇಗೆ? ಕಟ್ಟಡದ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ತೊಲೆಕಂಬ:
ಪಡಸಾಲೆಯವರೇ, ಕೆಡವಬೇಕೋ ಉಳಿಸಬೇಕೋ ಎಂಬುದನ್ನು ಅರ್ಧ ಗಂಟೆಯ ನೋಟದಿಂದ ಯಾರೂ ತೀರ್ಮಾನಿಸಲಾರರು. ಮೊದಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಅವರಿಂದ ತಪಾಸಣೆ ಮಾಡಿಸಿ. ಅವರು ನಿಮಗೆ ಹೊಸ ಮನೆ ಕಟ್ಟಿಕೊಡುವವರಾಗಿರಬಾರದು.

ಏನನ್ನು ನೋಡಬೇಕೆಂದು ಹೇಳುತ್ತೇನೆ. ಒಳ್ಳೆಯ ಕಾಂಕ್ರೀಟು ತೀವ್ರ ಕ್ಷಾರೀಯವಾಗಿರುತ್ತದೆ, ಅದರ ಪಿಎಚ್ 12ಕ್ಕಿಂತ ಮೇಲಿರುತ್ತದೆ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯದಂತೆ ಕಾಪಾಡುವುದು ಈ ಕ್ಷಾರಗುಣವೇ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಳು ಕಳೆದಂತೆ ಹೊರಮೈಯಿಂದ ಒಳಕ್ಕೆ ಇಳಿಯುತ್ತಾ ಆ ಗುಣವನ್ನು ಕುಂದಿಸುತ್ತದೆ. ಅದು ಸರಳಿನವರೆಗೂ ತಲುಪಿ, ಜೊತೆಗೆ ತೇವವೂ ಸೇರಿತೆಂದರೆ ತುಕ್ಕು ಶುರುವಾಗುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚಾಗಿರುವುದರಿಂದ, ಅದು ಕೆಳಗಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ.

ಇದರ ಪರೀಕ್ಷೆ ಸರಳ. ತೇವವಿರುವ ಮೂಲೆಯಲ್ಲಿ ಗಿಲಾವನ್ನು ತೆಗೆದು, ಕಾಂಕ್ರೀಟನ್ನು ಸ್ವಲ್ಪ ಚಿಪ್ಪೆಬ್ಬಿಸಿ, ಆ ಹೊಸ ಮೈಯ ಮೇಲೆ ಫಿನಾಲ್ಫ್‌ಥಲೀನ್ ದ್ರಾವಣವನ್ನು ಸಿಂಪಡಿಸುತ್ತಾರೆ. ಕ್ಷಾರಗುಣ ಉಳಿದಿರುವ ಭಾಗ ಕಣ್ಣೆದುರಿಗೇ ಕಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದು ಹೋಗಿರುವ ಭಾಗ ಬೂದು ಬಣ್ಣದಲ್ಲೇ ಉಳಿಯುತ್ತದೆ. ಬೂದು ಪಟ್ಟಿ ಸರಳಿಗೆ ಮುಟ್ಟಿಲ್ಲವಾದರೆ ನಿಮ್ಮ ತಾರಸಿಗೆ ಇನ್ನೂ ಬಹಳ ಆಯುಷ್ಯವಿದೆ. ಇದೊಂದೇ ಪರೀಕ್ಷೆ ಸಾಲದು. ಕಾಂಕ್ರೀಟಿನ ಹೊರಮೈ ಎಷ್ಟು ಗಟ್ಟಿಯಿದೆ ಎಂದು ತಟ್ಟಿ ನೋಡುವ ರೀಬೌಂಡ್ ಹ್ಯಾಮರ್ ಪರೀಕ್ಷೆ, ಪಾಯದ ಒಂದೆರಡು ಕಡೆ ಅಗೆದು ನೋಡುವುದು, ಗೋಡೆಯ ಬಿರುಕುಗಳ ಜಾಡು ಹಿಡಿಯುವುದು, ಇವೂ ಆಗಬೇಕು.

ಹೊಸಪಾಯ:
ನನ್ನ ಅಭಿಪ್ರಾಯ ಬೇರೆ. ಹಳೆಯ ಮನೆಗಳ ಬಗ್ಗೆ ನಮಗಿರುವ ಮಮತೆ ಅನೇಕ ಸಲ ಲೆಕ್ಕವನ್ನು ಮರೆಸುತ್ತದೆ. ನಲವತ್ತು ವರ್ಷದ ಹಿಂದೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಭೂಕಂಪವನ್ನು ತಡೆಯಲು ಬೇಕಾದ ಅಡ್ಡಪಟ್ಟಿಗಳೂ ಮೂಲೆಯ ಸರಳುಗಳೂ ಇರುವುದಿಲ್ಲ. ತಾರಸಿಗೆ ಶಾಖ ನಿರೋಧಕ ಪದರವಿರುವುದಿಲ್ಲ. ಒಂದು ದುರಸ್ತಿ ಮುಗಿಯುವಷ್ಟರಲ್ಲಿ ಇನ್ನೊಂದು ಬಾಯ್ತೆರೆಯುತ್ತದೆ. ತೇಪೆ ಹಾಕುತ್ತಾ ಹೋಗುವುದಕ್ಕಿಂತ, ಮುಂದಿನ ಐವತ್ತು ವರ್ಷಕ್ಕೆ ಒಮ್ಮೆಲೇ ಯೋಚಿಸಿ, ದಿಕ್ಕು, ಗಾಳಿ, ಬೆಳಕು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೊಸದಾಗಿ ಕಟ್ಟುವುದೇ ಜಾಣತನ ಎಂದು ನಾನು ನಂಬಿದ್ದೇನೆ.

ಇಂಗಾಲದ ಲೆಕ್ಕ:
ಹೊಸಪಾಯ ಅವರು ಲೆಕ್ಕದ ಮಾತೆತ್ತಿದ್ದು ಒಳ್ಳೆಯದಾಯಿತು. ಲೆಕ್ಕವನ್ನು ಪೂರ್ತಿಯಾಗಿಯೇ ಹಾಕೋಣ.

ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯೊಂದರಿಂದಲೇ ಬರುತ್ತದೆ. ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ತಾಪದ ಗೂಡಿನಲ್ಲಿ ಹಾಯಿಸಬೇಕಾಗುತ್ತದೆ. ಅದಕ್ಕೆ ಉರಿಸುವ ಇಂಧನದಿಂದ ಬರುವ ಹೊಗೆ ಒಂದು ಭಾಗವಾದರೆ, ಕಲ್ಲು ತಾನೇ ವಿಭಜನೆಯಾಗಿ ಬಿಡುವ ಅನಿಲ ಇನ್ನೊಂದು ಭಾಗ. ಈ ಎರಡನೆಯದೇ ಹೆಚ್ಚು, ಒಟ್ಟಿನಲ್ಲಿ ಸುಮಾರು ಶೇಕಡಾ 60ರಷ್ಟು. ಆದ್ದರಿಂದ ಗೂಡಿಗೆ ಎಷ್ಟೇ ಶುದ್ಧ ಇಂಧನವನ್ನು ಕೊಟ್ಟರೂ ಆ ಭಾಗ ಹಾಗೆಯೇ ಉಳಿಯುತ್ತದೆ.

ಇದನ್ನು ಮನೆಯ ಅಳತೆಗೆ ತಂದು ನೋಡಿ. ನೂರು ಚದರ ಮೀಟರ್ ವಿಸ್ತೀರ್ಣದ, 12 ಸೆಂಟಿಮೀಟರ್ ದಪ್ಪದ ಒಂದು ತಾರಸಿಗೆ 12 ಘನ ಮೀಟರ್ ಕಾಂಕ್ರೀಟು ಬೇಕು. ಘನ ಮೀಟರಿಗೆ 320 ಕಿಲೋ ಸಿಮೆಂಟ್ ಎಂದುಕೊಂಡರೂ ಸುಮಾರು 3,800 ಕಿಲೋ ಆಯಿತು. ಬೆರಕೆಯಿಲ್ಲದ ಸಾಮಾನ್ಯ ಸಿಮೆಂಟಾದರೆ, ಈ ಒಂದು ತಾರಸಿಯ ಸಿಮೆಂಟಿನಿಂದಲೇ ಮೂರು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕಬ್ಬಿಣ, 900–1000 ಡಿಗ್ರಿಯಲ್ಲಿ ಬೆಂದ ಇಟ್ಟಿಗೆ, ಅಲ್ಯೂಮಿನಿಯಂ ಚೌಕಟ್ಟು, ಗಾಜು, ಸಾಗಾಟ, ಇವು ಯಾವುವೂ ಇದರಲ್ಲಿ ಸೇರಿಲ್ಲ. ಪಡಸಾಲೆಯವರ ಮನೆಯಲ್ಲಿ ಆ ಖರ್ಚು ನಲವತ್ತು ವರ್ಷದ ಹಿಂದೆಯೇ ಆಗಿಹೋಗಿದೆ. ಕೆಡವಿದರೆ ಅದು ವ್ಯರ್ಥವಾಗುತ್ತದೆ, ಮೇಲೆ ಎರಡರಷ್ಟು ಹೊಸ ಖರ್ಚು ಬೀಳುತ್ತದೆ.

ಹೊಸಪಾಯ:
ನೀವು ಹೇಳಿದ್ದು ಬೆರಕೆಯಿಲ್ಲದ ಸಿಮೆಂಟಿನ ಲೆಕ್ಕ. ಹಾರುಬೂದಿ ಅಥವಾ ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ ಸಿಮೆಂಟ್ ಈಗ ಸಾಮಾನ್ಯವಾಗಿ ಸಿಗುತ್ತದೆ. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದಕಲ್ಲಿನ ಪುಡಿ ಬೆರೆಸಿದ ಎಲ್‌ಸಿ3 ಸಿಮೆಂಟಿನಲ್ಲಿ ಹೊರಸೂಸುವಿಕೆ ಶೇಕಡಾ 30ರಿಂದ 40ರಷ್ಟು ಇಳಿಯುತ್ತದೆ. ಅಲ್ಲದೆ, ಕಟ್ಟುವಾಗಿನ ಖರ್ಚು ಒಂದು ಸಲದ್ದು. ಬಿಸಿಯಾದ ಮನೆಯನ್ನು ತಂಪು ಮಾಡುವ ವಿದ್ಯುತ್ತು ದಿನವೂ ಖರ್ಚಾಗುತ್ತಲೇ ಇರುತ್ತದೆ. ಐವತ್ತು ವರ್ಷಗಳನ್ನು ಕೂಡಿಸಿದರೆ ಯಾವುದು ದೊಡ್ಡದು ಎಂದು ತಾವೇ ಹೇಳಿ.

ಇಂಗಾಲದ ಲೆಕ್ಕ:
ಪ್ರಶ್ನೆ ಸರಿಯಾಗಿದೆ. ಉತ್ತರ ಮಾತ್ರ ನೀವು ಭಾವಿಸಿದಷ್ಟು ಸುಲಭವಾಗಿಲ್ಲ. ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರಿಶೀಲಿಸಿತು. ಹಳೆಯದಕ್ಕಿಂತ ಶೇಕಡಾ 30ರಷ್ಟು ಕಡಿಮೆ ಶಕ್ತಿ ಬಳಸುವ ಹೊಸ ಕಟ್ಟಡವು, ತನ್ನನ್ನು ಕಟ್ಟುವಾಗ ಹವಾಮಾನಕ್ಕೆ ಆದ ಹಾನಿಯನ್ನು ಆ ಉಳಿತಾಯದಿಂದ ತೀರಿಸಲು, ಕಟ್ಟಡದ ಬಗೆಯನ್ನು ಅವಲಂಬಿಸಿ 10ರಿಂದ 80 ವರ್ಷ ಹಿಡಿಯುತ್ತದೆ ಎಂಬುದು ಅದರ ನಿರ್ಣಯ. ಇಂದು ಗಾಳಿಗೆ ಸೇರಿದ ಇಂಗಾಲ ಇಂದಿನಿಂದಲೇ ಭೂಮಿಯನ್ನು ಬಿಸಿ ಮಾಡುತ್ತದೆ, ಉಳಿತಾಯವೋ ಕಂತುಕಂತಾಗಿ ಬರುತ್ತದೆ. ಇದಕ್ಕಿಂತ ಮುಖ್ಯವಾದದ್ದು, ನೀವು ಕೆಟ್ಟ ಹಳೆಯ ಮನೆಯನ್ನು ಒಳ್ಳೆಯ ಹೊಸ ಮನೆಯೊಂದಿಗೆ ಹೋಲಿಸುತ್ತಿದ್ದೀರಿ. ಹೋಲಿಸಬೇಕಾದದ್ದು ಸುಧಾರಿಸಿದ ಹಳೆಯ ಮನೆಯನ್ನು.

ಗವಾಕ್ಷಿ:
ಅದು ಹಳೆಯ ಕಟ್ಟಡಗಳನ್ನು ಉಳಿಸುವುದಕ್ಕೆಂದೇ ಇರುವ ಸಂಸ್ಥೆ, ಅಧ್ಯಯನ ನಡೆದದ್ದು ಅಮೆರಿಕದ ನಗರಗಳ ಹವೆಯಲ್ಲಿ. ಇವೆರಡನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಿಮ್ಮ ಕೊನೆಯ ವಾಕ್ಯವನ್ನು ಮಾತ್ರ ಪೂರ್ಣವಾಗಿ ಒಪ್ಪುತ್ತೇನೆ.

ಸೂರುನೆರಳು:
ಎಲ್ಲರೂ ಇಂಗಾಲದ ಸುತ್ತಲೇ ಇದ್ದೀರಿ. ಪಡಸಾಲೆಯವರ ಮಲಗುವ ಕೋಣೆಯನ್ನೊಮ್ಮೆ ನೋಡೋಣ.

ಆ ಕೋಣೆ ರಾತ್ರಿ ಹನ್ನೊಂದಕ್ಕೂ ಬಿಸಿಯಾಗಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಹೊರಮೈಗೆ ಬಿದ್ದ ಬಿಸಿ ಒಳಮೈಗೆ ದಾಟಲು ಹೆಚ್ಚುಕಡಿಮೆ ಆರೇಳು ಗಂಟೆ ಬೇಕು. ಪಶ್ಚಿಮದ ಗೋಡೆ ಸಂಜೆ ನಾಲ್ಕು, ಐದರ ಹೊತ್ತಿಗೆ ಹೊರಗೆ ಅತಿಯಾಗಿ ಕಾದಿರುತ್ತದೆ. ಆ ಶಾಖ ಒಳಗೆ ಬಂದು ಮುಟ್ಟುವುದು ನೀವು ಮಲಗಿದ ಮೇಲೆ. ತಾರಸಿ ತೆಳುವಾದ್ದರಿಂದ ಅದರ ಬಿಸಿ ಮೂರು ಗಂಟೆಯೊಳಗೇ ಇಳಿದುಬರುತ್ತದೆ. ಹೀಗೆ ಸಂಜೆ ತಾರಸಿಯ ಬಿಸಿ, ರಾತ್ರಿ ಗೋಡೆಯ ಬಿಸಿ, ಎರಡೂ ಒಂದರ ಹಿಂದೊಂದು ಆ ಕೋಣೆಗೆ ಸೇರುತ್ತಿವೆ.

ಪಶ್ಚಿಮದ ಬಿಸಿಲನ್ನು ಕಿಟಕಿಯ ಮೇಲಿನ ಸಜ್ಜಾ ತಡೆಯಲಾರದು. ಇಳಿಹೊತ್ತಿನ ಸೂರ್ಯ ತೀರ ತಗ್ಗಿನಲ್ಲಿರುವುದರಿಂದ ಕಿರಣಗಳು ಸಜ್ಜಾದ ಕೆಳಗಿನಿಂದ ನೇರವಾಗಿ ಒಳನುಗ್ಗುತ್ತವೆ. ಅಲ್ಲಿಗೆ ಲಂಬವಾದ ತಡೆ ಬೇಕು. ಗೋಡೆಯಿಂದ ಒಂದಡಿ ದೂರದಲ್ಲಿ ಮರದ ಪಟ್ಟಿಗಳ ಅಥವಾ ಬಿದಿರಿನ ತಡಿಕೆ ನಿಲ್ಲಿಸಿ, ಅದರ ಮೇಲೆ ಬಳ್ಳಿ ಹಬ್ಬಿಸಬಹುದು. ತಡಿಕೆಗೂ ಗೋಡೆಗೂ ನಡುವೆ ಗಾಳಿಯಾಡಬೇಕು. ಬಳ್ಳಿಯನ್ನು ಗೋಡೆಗೇ ಹಬ್ಬಿಸಿದರೆ ತೇವ ನಿಲ್ಲುತ್ತದೆ, ಬೇರು ಗಿಲಾವಿನೊಳಗೆ ಇಳಿಯುತ್ತದೆ. ನೆರಳು ಯಾವಾಗಲೂ ಗಾಜಿನ ಹೊರಗಿರಬೇಕು. ಒಳಗೆ ಎಷ್ಟೇ ದಪ್ಪನೆಯ ಪರದೆ ಹಾಕಿದರೂ, ಗಾಜನ್ನು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸಿ ಆ ಶಾಖವನ್ನು ಕೋಣೆಯಲ್ಲಿಯೇ ಉಳಿಸುತ್ತದೆ.

ತಾರಸಿಗೆ ಮೊದಲ ಔಷಧ ಬಿಳಿಯ ಬಣ್ಣ. ಬರಿಯ ಬೂದು ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮೂರನೆಯ ಒಂದು ಭಾಗವನ್ನೂ ಹಿಂದಕ್ಕೆ ಕಳಿಸುವುದು ಕಷ್ಟ. ಹೊಸದಾಗಿ ಬಳಿದ ಬಿಳಿ ಲೇಪ ಶೇಕಡಾ 70ಕ್ಕೂ ಹೆಚ್ಚನ್ನು ಕಳಿಸಬಲ್ಲದು. ಧೂಳು, ಪಾಚಿ ಕಟ್ಟಿದಂತೆ ಈ ಗುಣ ಇಳಿಯುವುದರಿಂದ ಆಗಾಗ ತೊಳೆಯಬೇಕು, ಮತ್ತೆ ಬಳಿಯಬೇಕು.

ಇಷ್ಟೆಲ್ಲ ಇರುವಾಗ ಎದುರಿಗೆ ಗಾಜಿನ ಗೋಡೆ ಕಟ್ಟಿ ಹವಾನಿಯಂತ್ರಣ ಹಾಕಿಸುವ ಸಲಹೆಯನ್ನು ಹಸಿರು ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಎರಡು ಪದರದ ಗಾಜು ಹೊರಗಿನ ಗಾಳಿಯ ಬಿಸಿಯನ್ನು ಒಂದಿಷ್ಟು ತಡೆಯುತ್ತದೆ. ನೇರ ಬಿಸಿಲಿಗೆ ನೆರಳೇ ಆಗಬೇಕು.

ಬೆಳಕಿಂಡಿ:
ಅಡುಗೆಮನೆಗೆ ತಾರಸಿಯಲ್ಲಿ ಗಾಜಿನ ಬೆಳಕಿಂಡಿ ತೆರೆದರೆ ಸಾಕಲ್ಲವೇ? ಒಂದೇ ದಿನದ ಕೆಲಸ.

ತೊಲೆಕಂಬ:
ದಯವಿಟ್ಟು ಹಾಗೆ ಮಾಡಬೇಡಿ. ತಾರಸಿಯನ್ನು ಕೊರೆದರೆ ಭಾರ ಹೊರುವ ಸರಳುಗಳು ತುಂಡಾಗುತ್ತವೆ. ಸರಳುಗಳು ಯಾವ ದಿಕ್ಕಿಗೆ ಹಾದಿವೆ ಎಂದು ತಿಳಿದು, ತೂತಿನ ಅಂಚಿಗೆ ಆಧಾರ ಕೊಟ್ಟು ಮಾಡಬೇಕಾದ ಕೆಲಸವದು. ಸೋರುವ ತಾರಸಿಗೆ ಇನ್ನೊಂದು ಕೀಲು ಸೇರಿಸುವುದೂ ಬೇಡ.

ಸೂರುನೆರಳು:
ತೊಲೆಕಂಬ ಅವರ ಮಾತಿನ ಜೊತೆಗೆ ಇನ್ನೊಂದು: ಮೇಲಿನಿಂದ ಬೆಳಕಿನೊಂದಿಗೆ ಮಧ್ಯಾಹ್ನದ ಬಿಸಿಲೂ ಒಲೆಯ ಮೇಲೆಯೇ ಇಳಿಯುತ್ತದೆ. ಹೊರಗೋಡೆಯಲ್ಲಿ, ಲಿಂಟಲ್ಲಿನ ಮೇಲೆ, ಸೂರಿಗೆ ಹತ್ತಿರವಾಗಿ ಉದ್ದನೆಯ ಕಿಟಕಿ ತೆರೆಯಲು ಸಾಧ್ಯವೇ ಎಂದು ಕೇಳಿ. ಎತ್ತರದ ಕಿಟಕಿಯ ಬೆಳಕು ಕೋಣೆಯ ಆಳಕ್ಕೆ ತಲುಪುತ್ತದೆ, ಒಲೆಯ ಬಿಸಿಗಾಳಿಗೂ ಹೊರಹೋಗಲು ದಾರಿಯಾಗುತ್ತದೆ. ಒಳಗೆ ಸೂರಿಗೆ ಬಿಳಿಯ ಬಣ್ಣವಿರಲಿ.

ಮಣ್ಣುಗಾರೆ:
ನಾನು ಬಹಳ ವರ್ಷಗಳಿಂದ ಮಣ್ಣಿನ ಕಟ್ಟಡಗಳ ಕೆಲಸ ಮಾಡುತ್ತಿದ್ದೇನೆ. ಕಟ್ಟುವುದೇ ಆದರೆ ಮಣ್ಣಿನಿಂದ ಕಟ್ಟಿ ಎಂದು ಹೇಳಲು ಬಂದೆ. ಯೆಮನ್ ದೇಶದ ಶಿಬಾಮ್ ಪಟ್ಟಣದಲ್ಲಿ ಹಸಿ ಇಟ್ಟಿಗೆಯ ಬಹುಮಹಡಿ ಮನೆಗಳು ಶತಮಾನಗಳಿಂದ ಜನವಾಸಕ್ಕಿವೆ. ಯುನೆಸ್ಕೋ 1982ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಇದಕ್ಕೆ ಸಾಮಾನ್ಯವಾಗಿ ಶೇಕಡಾ 5ರಿಂದ 8ರಷ್ಟು ಸಿಮೆಂಟ್ ಸಾಕು, ಬೇಯಿಸಬೇಕಾಗಿಲ್ಲ, ಹದಿನೈದಿಪ್ಪತ್ತು ದಿನ ನೀರುಣಿಸಿದರೆ ಆಯಿತು.

ಮಣ್ಣೆಂದರೆ ಎಲ್ಲ ಮಣ್ಣೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದು ಗಾಜಿನ ಜಾಡಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿಡಿ. ಮರಳು ಕ್ಷಣಗಳಲ್ಲೇ ತಳ ಸೇರುತ್ತದೆ, ಅದರ ಮೇಲೆ ನಯವಾದ ಹೂಳು ಕೂರುತ್ತದೆ, ಜೇಡಿ ಎಲ್ಲಕ್ಕಿಂತ ಕೊನೆಗೆ ಇಳಿಯುತ್ತದೆ. ಮರುದಿನ ಪದರಗಳನ್ನು ಅಳೆದರೆ ನಿಮ್ಮ ಮಣ್ಣಿನ ಸ್ವಭಾವ ಅಂದಾಜಿಗೆ ಸಿಗುತ್ತದೆ. ಜೇಡಿ ಹೆಚ್ಚಾಗಿ ಹಿಗ್ಗಿ ಕುಗ್ಗುವ ಮಣ್ಣಾದರೆ ಮರಳು ಬೆರೆಸಬೇಕು. ತೀರ ಕಪ್ಪು ಮಣ್ಣಾದರೆ ಅದನ್ನು ಬಿಟ್ಟುಬಿಡುವುದೇ ಲೇಸು.

ಗವಾಕ್ಷಿ:
ಮಣ್ಣುಗಾರೆಯವರೇ, ತಮ್ಮ ಅನುಭವದ ಬಗ್ಗೆ ಗೌರವವಿದೆ. ಆದರೆ ಇಲ್ಲಿ ಕೇಳಿರುವುದು ನಿಂತಿರುವ ಮನೆಯ ಪ್ರಶ್ನೆ. ಗಟ್ಟಿಯಾದ ಇಟ್ಟಿಗೆ ಗೋಡೆಯನ್ನು ಒಡೆದು ಮಣ್ಣಿನ ಗೋಡೆ ಎಬ್ಬಿಸಿದರೂ ಅದು ಕೆಡವಿದಂತೆಯೇ ಅಲ್ಲವೇ?

ಮಣ್ಣುಗಾರೆ:
ಒಪ್ಪಿದೆ. ನಿಂತಿರುವ ಗೋಡೆಯನ್ನು ಮಣ್ಣಿಗಾಗಿಯೂ ಕೆಡವಬಾರದು. ಮುಂದೆ ಕೋಣೆಯೊಂದನ್ನು ಸೇರಿಸಬೇಕಾಗಿ ಬಂದರೆ ನನ್ನ ಸಲಹೆ ಅನ್ವಯಿಸುತ್ತದೆ. ಹಾಗೆಯೇ, ತೇವವಿರುವ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಬಳಿದು ಮುಚ್ಚಬೇಡಿ. ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ಗಿಲಾವನ್ನೇ ಕಿತ್ತುಕೊಂಡು ಬರುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣ ಆವಿಯನ್ನು ಹಾದುಹೋಗಲು ಬಿಡುತ್ತವೆ.

ಗಾಳಿಗೂಡು:
ಒಂದು ಅಂಶ ಯಾರ ಬರಹದಲ್ಲಿಯೂ ಬರಲಿಲ್ಲ. ಎಲ್ಲ ಹವೆಗೂ ಒಂದೇ ಮದ್ದು ಇಲ್ಲ. ದಪ್ಪ ಗೋಡೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಹಗಲು ಸುಡುಬಿಸಿಲು, ರಾತ್ರಿ ಒಳ್ಳೆಯ ತಂಪು ಇರುವ ಒಣಪ್ರದೇಶದಲ್ಲಿ ಅದು ನಿಜ. ಗೋಡೆ ಹಗಲಿನ ಶಾಖವನ್ನು ತಡೆದಿಟ್ಟುಕೊಂಡು ರಾತ್ರಿಯ ತಂಪುಗಾಳಿಗೆ ಬಿಟ್ಟುಕೊಡುತ್ತದೆ. ಹಗಲಿಗೂ ರಾತ್ರಿಗೂ ನಾಲ್ಕೈದು ಡಿಗ್ರಿ ಮಾತ್ರ ಅಂತರವಿರುವ, ತೇವ ತುಂಬಿದ ಕರಾವಳಿಯಂಥ ಹವೆಯಲ್ಲಿ ಅದೇ ಗೋಡೆ ರಾತ್ರಿಯಿಡೀ ಬಿಸಿಯನ್ನು ಒಳಗೆ ಬಿಡುತ್ತದೆ. ಅಲ್ಲಿ ಬೇಕಾದದ್ದು ಹಗುರ ಗೋಡೆ, ಅಗಲವಾದ ಸೂರು, ಎದುರುಬದುರು ಕಿಟಕಿ.

ಚಳಿದೇಶದ ಮಾದರಿಗಳನ್ನು ಹಾಗೆಯೇ ತಂದು ಹಾಕುವುದರಿಂದಲೂ ಅಪಾಯವಿದೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಜನವಾಸ ಆರಂಭವಾದ ಮೊದಲ ಪ್ಯಾಸಿವ್ ಹೌಸ್ ನಿಜಕ್ಕೂ ದೊಡ್ಡ ಸಾಧನೆ. ವರ್ಷಕ್ಕೆ ಚದರ ಮೀಟರಿಗೆ 15 ಕಿಲೋವಾಟ್ ಗಂಟೆಗಿಂತ ಹೆಚ್ಚು ಶಕ್ತಿ ಮನೆಯನ್ನು ಬೆಚ್ಚಗಿಡಲು ಬೇಕಾಗಬಾರದು ಎಂಬ ಮಿತಿಯನ್ನು ಆ ಪದ್ಧತಿ ಹಾಕಿಕೊಂಡಿದೆ. ಗಾಳಿ ನುಸುಳದಂತೆ ಮನೆಯನ್ನು ಬಿಗಿದು, ಯಂತ್ರದ ಮೂಲಕ ಉಸಿರಾಟಕ್ಕೆ ಗಾಳಿ ಕೊಡುವುದು ಅದರ ಜೀವಾಳ. ವರ್ಷದ ಬಹುಭಾಗ ಕಿಟಕಿ ತೆರೆದಿಟ್ಟುಕೊಂಡು ಬದುಕಬಹುದಾದ ಕಡೆ ಆ ಬಿಗಿತಕ್ಕೆ ಅಷ್ಟು ಅರ್ಥವಿರುವುದಿಲ್ಲ.

ಬಿಸಿನಾಡಿನ ಉದಾಹರಣೆ ಬೇಕಾದರೆ ಬುರ್ಕಿನಾ ಫಾಸೊದ ಗಾಂಡೊ ಗ್ರಾಮದಲ್ಲಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಕಟ್ಟಿಸಿದ, 2001ರಲ್ಲಿ ಪೂರ್ಣಗೊಂಡ ಪ್ರಾಥಮಿಕ ಶಾಲೆಯನ್ನು ನೋಡಿ. ಮಣ್ಣಿನ ಇಟ್ಟಿಗೆಯ ಒಳಸೂರಿನ ಮೇಲೆ, ಸಾಕಷ್ಟು ಜಾಗ ಬಿಟ್ಟು, ತಗಡಿನ ಮಾಡನ್ನು ಎತ್ತರದಲ್ಲಿ ನಿಲ್ಲಿಸಿದ್ದಾರೆ. ತಗಡು ಬಿಸಿಲಿಗೆ ಕಾದರೂ ನಡುವೆ ಗಾಳಿ ಹರಿದುಹೋಗುವುದರಿಂದ ಆ ಬಿಸಿ ಕೋಣೆಗೆ ಇಳಿಯುವುದಿಲ್ಲ. ಅದು ಶಾಲೆಯೇ ಆದರೂ ತತ್ತ್ವ ಮನೆಗೂ ಸಲ್ಲುತ್ತದೆ. ಪಡಸಾಲೆಯವರ ತಾರಸಿಯ ಮೇಲೂ ಹಗುರವಾದ ಎರಡನೆಯ ಮಾಡನ್ನು ಹೀಗೆ ನಿಲ್ಲಿಸಬಹುದು. ಗಾಳಿಗೆ ಹಾರಿಹೋಗದಂತೆ ಭದ್ರವಾಗಿ ಬಿಗಿಯಬೇಕು.

ಕೊನೆಯದಾಗಿ, ಮೈಮೇಲೆ ಗಾಳಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬೀಸಿದರೆ ಎರಡು ಮೂರು ಡಿಗ್ರಿ ತಂಪಾದಂತೆ ಅನುಭವವಾಗುತ್ತದೆ. ಸೀಲಿಂಗ್ ಫ್ಯಾನ್ ಇದನ್ನು ಅತ್ಯಲ್ಪ ವಿದ್ಯುತ್ತಿನಲ್ಲಿ ಕೊಡುತ್ತದೆ.

ಹೊಸಪಾಯ:
ಎರಡನೆಯ ಮಾಡಿಗಿಂತ ತಾರಸಿಯ ಮೇಲೆ ಮಣ್ಣು ಹಾಕಿ ತೋಟ ಮಾಡಿದರೆ ತಂಪೂ ಆಗುತ್ತದೆ, ತರಕಾರಿಯೂ ಬೆಳೆಯುತ್ತದೆ.

ತೊಲೆಕಂಬ:
ತೂಕವನ್ನು ಲೆಕ್ಕ ಹಾಕದೆ ಈ ಸಲಹೆಯನ್ನು ಯಾರೂ ಅನುಸರಿಸಬಾರದು. ಹತ್ತು ಸೆಂಟಿಮೀಟರ್ ಒದ್ದೆ ಮಣ್ಣು ಚದರ ಮೀಟರಿಗೆ ಸುಮಾರು 180 ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಹೆಚ್ಚುವರಿ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ತೇವ ಹಿಡಿದ ಹಳೆಯ ತಾರಸಿಯ ಮೇಲೆ ಸದಾ ಒದ್ದೆಯಾಗಿರುವ ಮಣ್ಣನ್ನು ಹೇರುವುದೆಂದರೆ ತುಕ್ಕನ್ನು ನಾವೇ ಕರೆದಂತೆ.

ಮೂರು ತಲೆಮಾರು:
ವಸ್ತು, ತಂತ್ರ ಎಲ್ಲವನ್ನೂ ಓದಿದೆ. ನನ್ನ ಪ್ರಶ್ನೆ ಇದಕ್ಕಿಂತ ಮೊದಲಿನದು. ಎರಡರಷ್ಟು ವಿಸ್ತೀರ್ಣ ಯಾರಿಗೆ ಬೇಕು? ಕಟ್ಟದೆ ಬಿಟ್ಟ ಕೋಣೆಗೆ ಸಿಮೆಂಟು, ವಿದ್ಯುತ್ತು ಏನೂ ಬೇಕಾಗುವುದಿಲ್ಲ, ಅದನ್ನು ಗುಡಿಸಿ ಒರೆಸುವ ಶ್ರಮವೂ ಯಾರ ಮೇಲೂ ಬೀಳುವುದಿಲ್ಲ. ಈ ಶ್ರಮ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ನಕ್ಷೆ ಬರೆಯುವವರು ಕೇಳುವುದೇ ಇಲ್ಲ.

ನನ್ನ ಅತ್ತೆಯವರು ಕಡೆಯ ವರ್ಷಗಳಲ್ಲಿ ಗಾಲಿಕುರ್ಚಿಯಲ್ಲಿದ್ದರು. ನಮ್ಮ ಮನೆ ವಿಶಾಲವಾಗಿಯೇ ಇತ್ತು, ಆದರೆ ಬಚ್ಚಲಿನ ಬಾಗಿಲು ಕಿರಿದು, ಹೊಸ್ತಿಲು ಎತ್ತರ. ಪ್ರತಿಸಲವೂ ಇಬ್ಬರು ಎತ್ತಿ ದಾಟಿಸಬೇಕಾಗುತ್ತಿತ್ತು. ಅವರಿಗೆ ಅದು ಎಷ್ಟು ಸಂಕೋಚದ ವಿಷಯವಾಗಿತ್ತೆಂದರೆ, ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಮನೆಯ ಬಾಳಿಕೆಯ ಬಗ್ಗೆ ಮಾತನಾಡುವಾಗ ಇದೂ ಲೆಕ್ಕಕ್ಕೆ ಬರಬೇಕು. ಗೋಡೆ ನೂರು ವರ್ಷ ನಿಂತರೂ, ಒಳಗಿರುವವರಿಗೆ ಎಪ್ಪತ್ತಾದ ಮೇಲೆ ವಾಸಕ್ಕೆ ಒದಗದ ಮನೆಯನ್ನು ಬಾಳಿಕೆಯ ಮನೆ ಎನ್ನಲಾಗದು. ಪಡಸಾಲೆಯವರೇ, ದುರಸ್ತಿ ಮಾಡುವಾಗ ನೆಲಮಟ್ಟದಲ್ಲಿ ಒಂದು ಬಚ್ಚಲಿನ ಬಾಗಿಲನ್ನಾದರೂ 90 ಸೆಂಟಿಮೀಟರ್ ಅಗಲ ಮಾಡಿಸಿ, ಹೊಸ್ತಿಲನ್ನು ತೆಗೆಸಿ, ನೆಲಕ್ಕೆ ಜಾರದ ಹಾಸು ಹಾಕಿಸಿ.

ಗವಾಕ್ಷಿ:
ಈ ಚರ್ಚೆಯಲ್ಲಿ ನಾನು ಓದಿದ ಅತ್ಯಂತ ಮುಖ್ಯವಾದ ಮಾತು ಇದು. ಧನ್ಯವಾದ.

ಪಡಸಾಲೆ:
ನಿಜವಾಗಿಯೂ ನಾವು ಮನೆಯಲ್ಲಿರುವುದು ನಾಲ್ಕೇ ಜನ. ಇನ್ನೊಂದು ಕೋಣೆ ಬೇಕಾಗಬಹುದು ಅಷ್ಟೇ. ಹಾಗಾದರೆ ಪ್ರಮಾಣಪತ್ರಕ್ಕೆ ಬೆಲೆಯೇ ಇಲ್ಲವೇ?

ಇಂಗಾಲದ ಲೆಕ್ಕ:
ಬೆಲೆ ಇದೆ. ನೀರು, ಶಕ್ತಿ, ತ್ಯಾಜ್ಯ ಎಲ್ಲವನ್ನೂ ಒಟ್ಟಿಗೆ ಗಮನಿಸುವ ಶಿಸ್ತನ್ನು ಅದು ಕಲಿಸಿದೆ. ಅದರ ಮಿತಿ ಬೇರೆ. ಅಂಕಗಳನ್ನು ಬಹುಪಾಲು ನಕ್ಷೆ ಮತ್ತು ಅಂದಾಜುಗಳನ್ನು ನೋಡಿ ಕೊಡುತ್ತಾರೆ, ವಾಸ ಆರಂಭವಾದ ಮೇಲೆ ಮೀಟರಿನಲ್ಲಿ ಏನು ಓಡಿತು ಎಂಬುದು ಬೇರೆಯೇ ಆಗಿರಬಹುದು. ಕಳೆದ ಎರಡು ವರ್ಷದ ವಿದ್ಯುತ್ ಬಿಲ್ಲುಗಳನ್ನು ತೆಗೆದಿಟ್ಟುಕೊಂಡು, ದುರಸ್ತಿಯ ನಂತರದ ಬಿಲ್ಲುಗಳನ್ನು ತಿಂಗಳಿಗೆ ತಿಂಗಳು ಹೋಲಿಸಿ. ನಿಮ್ಮ ಮನೆಯ ಮಟ್ಟಿಗೆ ಅದೇ ಪ್ರಮಾಣಪತ್ರ.

ಕೆಡವದೆ ಸುಧಾರಿಸುವುದನ್ನು ಬಡವರ ದಾರಿ ಎಂದು ಯಾರಾದರೂ ಹೇಳಿದರೆ, ಫ್ರಾನ್ಸಿನ ಬೋರ್ಡೊ ನಗರದ ಗ್ರಾಂ ಪಾರ್ಕ್ ವಸತಿಯ ವಿಷಯ ತಿಳಿಸಿ. 1960ರ ದಶಕದ ಮೂರು ಕಟ್ಟಡಗಳ 530 ಮನೆಗಳಲ್ಲಿ ಒಂದನ್ನೂ ಕೆಡವದೆ, ಹೊರಗೋಡೆಗೆ ಹೊಂದಿಕೊಂಡಂತೆ ಸುಮಾರು ನಾಲ್ಕು ಮೀಟರ್ ಅಗಲದ ಬಿಸಿಲುಜಗುಲಿಗಳನ್ನೂ ಮೊಗಸಾಲೆಗಳನ್ನೂ ಸೇರಿಸಿದರು. ಕೆಲಸ ನಡೆಯುವಾಗಲೂ ಜನ ತಮ್ಮ ಮನೆಗಳಲ್ಲೇ ಇದ್ದರು. ಆನ್ ಲಕಾಟೋನ್ ಮತ್ತು ಜಾನ್ ಫಿಲಿಪ್ ವಸ್ಸಾಲ್, ಫ್ರೆಡರಿಕ್ ಡ್ರುವೊ, ಕ್ರಿಸ್ಟೋಫ್ ಹ್ಯೂಟಿನ್ ಅವರ ಈ ಕೆಲಸಕ್ಕೆ 2019ರಲ್ಲಿ ಯುರೋಪಿನ ಮೀಸ್ ವಾನ್ ಡೆರ್ ರೋ ಪ್ರಶಸ್ತಿ ಬಂತು. ಲಕಾಟೋನ್ ಮತ್ತು ವಸ್ಸಾಲ್ ಅವರಿಗೆ 2021ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಬಂತು.

ಮಳೆಲೆಕ್ಕ:
ತಾರಸಿಯ ಕೆಲಸಕ್ಕೆ ಕೈ ಹಾಕುವಾಗಲೇ ಮಳೆನೀರಿನ ಏರ್ಪಾಡನ್ನೂ ಮಾಡಿಬಿಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ತಾರಸಿಗೆ ಹತ್ತು ಮಿಲಿಮೀಟರಿನ ಒಂದು ಹದಮಳೆ ಸಾವಿರ ಲೀಟರ್ ತರುತ್ತದೆ, ಅದರಲ್ಲಿ ಎಂಟುನೂರರಷ್ಟಾದರೂ ಸಂಪಿಗೆ ಸೇರುತ್ತದೆ. ಮೊದಲ ಮಳೆಯ ಕೊಳೆನೀರನ್ನು ಬೇರೆಡೆಗೆ ಬಿಡುವ ಕವಾಟವಿರಲಿ. ತೇವದ ಮೂಲೆಯಲ್ಲಿ ನೀರಿಳಿಯುವ ಪೈಪಿನ ಬಾಯಿ ಇದೆಯೇ ಎಂದು ನೋಡಿ. ಸೋರಿಕೆ ಅನೇಕ ಸಲ ಅಲ್ಲಿಂದಲೇ ಶುರುವಾಗಿರುತ್ತದೆ.

ಪಡಸಾಲೆ:
ನೋಡಿದೆ. ಪೈಪಿನ ಬಾಯಿ ಸರಿಯಾಗಿ ಆ ಮೂಲೆಯಲ್ಲಿಯೇ ಇದೆ, ಸುತ್ತಲಿನ ಗಾರೆ ಬಿಟ್ಟುಕೊಂಡಿದೆ.

ಹೊಸಪಾಯ:
ಪಡಸಾಲೆಯವರೇ, ಪರೀಕ್ಷೆಯಲ್ಲಿ ತಾರಸಿ ಗಟ್ಟಿಯಾಗಿದೆ ಎಂದು ಬಂದರೆ ಉಳಿಸಿಕೊಳ್ಳಿ, ನನ್ನ ಆಕ್ಷೇಪವಿಲ್ಲ. ನನ್ನ ವಾದವಿರುವುದು ಪರೀಕ್ಷೆ ಸೋತರೂ ಮಮತೆಯಿಂದ ಉಳಿಸಿಕೊಳ್ಳುವವರ ವಿರುದ್ಧ. ಕೆಡವಲೇಬೇಕಾಗಿ ಬಂದರೆ ಯಂತ್ರ ತಂದು ಒಂದೇ ದಿನದಲ್ಲಿ ಪುಡಿ ಮಾಡಿಸಬೇಡಿ. ಬಾಗಿಲು, ಕಿಟಕಿ, ಮರದ ಚೌಕಟ್ಟುಗಳನ್ನು ಬಿಡಿಸಿ ತೆಗೆಯಬಹುದು. ಇಟ್ಟಿಗೆಯನ್ನು ಸುಣ್ಣ ಅಥವಾ ಮಣ್ಣಿನ ಗಾರೆಯಲ್ಲಿ ಕಟ್ಟಿದ್ದರೆ ಅವೂ ಇಡಿಯಾಗಿ ಕೈಗೆ ಬರುತ್ತವೆ. ಗಟ್ಟಿ ಸಿಮೆಂಟ್ ಗಾರೆಯಾದರೆ ಒಡೆಯುತ್ತವೆ, ಆಗ ಅವನ್ನು ಪಾಯದ ಕೆಳಗೆ, ನೆಲಕ್ಕೆ ತುಂಬಲು ಬಳಸಬಹುದು.

ಮಣ್ಣುಗಾರೆ:
ಹೊಸ ಗೋಡೆಗೆ ಆ ಇಟ್ಟಿಗೆಗಳನ್ನೇ ಬಳಸುವುದಾದರೆ, ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದ ರ್‍ಯಾಟ್ ಟ್ರ್ಯಾಪ್ ಬಾಂಡ್ ಪದ್ಧತಿಯಲ್ಲಿ ಕಟ್ಟಿಸಿ. ಇಟ್ಟಿಗೆಯನ್ನು ಅಡ್ಡಮೈಯಲ್ಲಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವುದರಿಂದ ಇಟ್ಟಿಗೆ ಸುಮಾರು ಶೇಕಡಾ 25ರಷ್ಟು ಉಳಿಯುತ್ತದೆ, ಆ ಪೊಳ್ಳು ಬಿಸಿಯನ್ನೂ ತಡೆಯುತ್ತದೆ. ಮೇಸ್ತ್ರಿಗೆ ಈ ಕೆಲಸ ಹೊಸದಾದರೆ ಮೊದಲು ಕಾಂಪೌಂಡ್ ಗೋಡೆಯಲ್ಲಿ ಕೈ ಪಳಗಿಸಿಕೊಳ್ಳಲಿ.

ಪಡಸಾಲೆ:
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಈಗ ಮಾಡುವುದಿಷ್ಟು: ಮೊದಲು ತಾರಸಿ ಮತ್ತು ಪಾಯದ ಪರೀಕ್ಷೆ. ಅದು ಸರಿಬಂದರೆ ಪೈಪಿನ ಬಾಯಿಯ ದುರಸ್ತಿ, ಬಿಳಿಯ ಲೇಪ, ಪಶ್ಚಿಮಕ್ಕೆ ತಡಿಕೆ, ಅಡುಗೆಮನೆಗೆ ಎತ್ತರದ ಕಿಟಕಿ, ಬಚ್ಚಲಿನ ಬಾಗಿಲು. ಹೊಸ ಕೋಣೆಯ ಮಾತು ಒಂದು ಬೇಸಿಗೆ ಕಳೆದ ಮೇಲೆ. ಒಂದೇ ಸಂದೇಹ ಉಳಿದಿದೆ. ಬಿಳಿಯ ಲೇಪ ಮೊದಲೋ, ಸೋರಿಕೆಯ ದುರಸ್ತಿ ಮೊದಲೋ?

ತೊಲೆಕಂಬ:
ಸೋರಿಕೆಯ ದುರಸ್ತಿ ಮೊದಲು. ಪೈಪಿನ ಸುತ್ತ ಸಡಿಲವಾದ ಗಾರೆಯನ್ನೆಲ್ಲ ತೆಗೆದು, ಹೊಸ ಗಾರೆಯನ್ನು ಪೈಪಿನ ಕಡೆಗೆ ಇಳಿಜಾರಾಗಿ ಕೂರಿಸಿ, ವಾರವಿಡೀ ನೀರುಣಿಸಿ. ನಂತರ ಪೈಪಿನ ಬಾಯಿ ಮುಚ್ಚಿ, ಆ ಮೂಲೆಯಲ್ಲಿ ಒಂದೆರಡು ಇಂಚು ನೀರು ಕಟ್ಟಿ ಎರಡು ದಿನ ನಿಲ್ಲಿಸಿ, ಕೆಳಗಿನಿಂದ ನೋಡಿ. ಒಣಗಿದ್ದರೆ, ತಾರಸಿ ಪೂರ್ತಿ ಆರಿದ ಮೇಲೆ ಲೇಪ ಬಳಿಯಿರಿ. ಗುಲಾಬಿ ಬಣ್ಣದ ಪರೀಕ್ಷೆಯ ಫಲಿತಾಂಶ ಬಂದಾಗ, ಸರಳಿನ ಮೇಲಿರುವ ಕಾಂಕ್ರೀಟಿನ ದಪ್ಪವನ್ನೂ ಅಳೆಸಿ ಇಲ್ಲಿ ಬರೆಯಿರಿ. ಮುಂದಿನ ಮಾತು ಆ ಎರಡು ಅಂಕಿಗಳನ್ನು ನೋಡಿಕೊಂಡು ಆಡೋಣ.